ಆಯಿಲ್ ಲೈಟ್ ಹತ್ತಿದಾಗ ಪಂಪನ್ನು ಬೈಯುವ ಮುಂಚೆ

ಆಯಿಲ್ ಪ್ರೆಶರ್ ಪಾಠದಲ್ಲಿ ನಾನು ಮೊದಲು ಎಡವಿದ್ದು ಇಲ್ಲೇ. ಪ್ರೆಶರ್ ಕಡಿಮೆ ಅಂದ್ರೆ ಪಂಪ್ ಹೋಗಿದೆ ಅಂದುಕೊಂಡಿದ್ದೆ. ಆದರೆ ಪಂಪ್ ಮಾಡುವುದು ಎಣ್ಣೆಯನ್ನು ತಳ್ಳುವ ಕೆಲಸ, ಅಷ್ಟೇ. ತಳ್ಳಿದ ಎಣ್ಣೆಗೆ ಮುಂದೆ ದಾರಿ ಇಕ್ಕಟ್ಟಾಗಿರುತ್ತದೆ, ಅದರಿಂದ ಪ್ರೆಶರ್ ಹುಟ್ಟುತ್ತದೆ. ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟರೆ ನೀರು ದೂರಕ್ಕೆ ಚಿಮ್ಮುತ್ತದಲ್ಲ, ಆಗ ನಲ್ಲಿಯಿಂದ ಬರುವ ನೀರೇನೂ ಜಾಸ್ತಿ ಆಗಿರುವುದಿಲ್ಲ. ಇಂಜಿನ್ನಿನಲ್ಲಿ ಆ ಹೆಬ್ಬೆರಳು ಅಂದರೆ ಬೇರಿಂಗ್. ಇಂಜಿನ್ನಿನಲ್ಲಿ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿಗೂ ಅದನ್ನು ಹಿಡಿದಿರುವ ಬೇರಿಂಗಿಗೂ ನಡುವೆ ಇರುವ ಸಂದು ಸಾಮಾನ್ಯವಾಗಿ 0.02ರಿಂದ 0.06 ಮಿ.ಮೀ. ಆಸುಪಾಸು. ಅದು ಸವೆದು ಅಗಲವಾಯಿತೋ, ಎಣ್ಣೆ ಸಲೀಸಾಗಿ ಸೋರಿ ಇಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ (ಸಂಪ್) ಬೀಳುತ್ತದೆ, ಪಂಪ್ ಹೊಚ್ಚ ಹೊಸದಾಗಿದ್ದರೂ ಪ್ರೆಶರ್ ನಿಲ್ಲುವುದಿಲ್ಲ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

ಇನ್ನು ಲೈಟಿನ ವಿಷಯ. ಹೆಚ್ಚಿನ ಕಾರುಗಳಲ್ಲಿ ಆ ಕೆಂಪು ಲೈಟ್ ಹತ್ತುವುದು ಪ್ರೆಶರ್ 0.3ರಿಂದ 0.5 ಬಾರ್‌ಗೆ ಇಳಿದಾಗ. ಅಂದರೆ ಅದು ಹತ್ತುವ ಹೊತ್ತಿಗೆ ಪ್ರೆಶರ್ ಆಗಲೇ ತಳ ಮುಟ್ಟಿರುತ್ತದೆ. "ಟೆಂಪರೇಚರ್ ಸರಿ ಇದೆಯಲ್ಲ, ಮನೆ ತಲುಪಿಬಿಡೋಣ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗಾಡಿ ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ, ಆಮೇಲೆ ಯೋಚಿಸಿ.

ಮೊದಲ ಪರೀಕ್ಷೆ ಡಿಪ್‌ಸ್ಟಿಕ್, ಅಂದರೆ ಎಣ್ಣೆ ಮಟ್ಟ ನೋಡುವ ಕಡ್ಡಿ. ಸಮತಟ್ಟಾದ ಜಾಗದಲ್ಲಿ, ಇಂಜಿನ್ ನಿಲ್ಲಿಸಿ 5-10 ನಿಮಿಷ ಬಿಟ್ಟು ನೋಡಬೇಕು. ಒಮ್ಮೆ ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆಯಬೇಕು. ಎಷ್ಟಿದೆ ಅಂತ ನೋಡಿದ್ದೇ ವಾಪಸ್ ಚುಚ್ಚಿಬಿಡಬೇಡಿ, ತುದಿಯ ಎಣ್ಣೆಯನ್ನು ಎರಡು ಬೆರಳಿನ ನಡುವೆ ಉಜ್ಜಿ, ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ ಇಂಧನ ಬೆರೆತು ಎಣ್ಣೆ ತೆಳುವಾಗಿದೆ. ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಸೇರಿರುವ ಸಾಧ್ಯತೆ ಜಾಸ್ತಿ. ಬರೀ ಕಪ್ಪಾಗಿದ್ದರೆ, ಅದರಲ್ಲೂ ಡೀಸೆಲ್ ಗಾಡಿಯಲ್ಲಿ, ಗಾಬರಿ ಬೇಡ. ಆದರೆ ಎಣ್ಣೆ ಮಟ್ಟ ತಾನಾಗಿಯೇ ಏರುತ್ತಿದ್ದರೆ ಅನುಮಾನ ಪಡಿ, ಎಣ್ಣೆ ಹುಟ್ಟುವುದಿಲ್ಲ ಅಲ್ವಾ, ಬೇರೆ ಏನೋ ಬಂದು ಸೇರುತ್ತಿದೆ. ಮ್ಯಾಕ್ಸ್ ಗೆರೆಗಿಂತ ತೀರಾ ಮೇಲೆ ತುಂಬಿಸಿದರೂ ತೊಂದರೆಯೇ: ತಿರುಗುವ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತದೆ, ಪಂಪಿಗೆ ಎಣ್ಣೆಯ ಜೊತೆ ಗಾಳಿಯೂ ಹೋಗುತ್ತದೆ.

ಎಣ್ಣೆ ಸರಿ ಇದೆ, ಲೈಟ್ ಮಾತ್ರ ಹತ್ತುತ್ತಿದೆ ಅಂದ್ರೆ ಪ್ರೆಶರ್ ಇಳಿದಾಗ ಲೈಟ್ ಹತ್ತಿಸುವ ಆಯಿಲ್ ಪ್ರೆಶರ್ ಸ್ವಿಚ್ ಮೇಲೆ ಕಣ್ಣಿಡಿ. ನನ್ನ ಗಾಡಿಯಲ್ಲಿ ಲೈಟ್ ಬಿಸಿ ಇಂಜಿನ್ನಿನಲ್ಲಿ ಮಿಣುಕು ಮಿಣುಕು ಅನ್ನುತ್ತಿತ್ತು, ನಾನು ಪಂಪಿಗೆ ದುಡ್ಡು ಹೊಂದಿಸಲು ಶುರು ಮಾಡಿದ್ದೆ. ಒಂದು ದಿನ ಸುಮ್ನೆ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿದೆ, ಒಳಗಡೆ ಪಿನ್ನಿನ ಸುತ್ತ ಎಣ್ಣೆ ನಿಂತಿತ್ತು, ವೈರಿನ ರಬ್ಬರ್ ಉಬ್ಬಿ ಮೆತ್ತಗಾಗಿತ್ತು. ಸ್ವಿಚ್ಚೇ ಒಳಗಿನಿಂದ ಸೋರುತ್ತಿತ್ತು. ಹೊಸ ಸ್ವಿಚ್ ಹಾಕಿದ ಮೇಲೆ ಲೈಟ್ ಮತ್ತೆ ಹತ್ತಿಲ್ಲ, ಗೇಜ್ ಹಾಕಿ ನೋಡಿದಾಗಲೂ ಪ್ರೆಶರ್ ಸರಿಯಾಗೇ ಇತ್ತು.

ಒಂದೇ ವೈರಿನ ಹಳೆ ಮಾದರಿ ಸ್ವಿಚ್ ಆದರೆ ಇನ್ನೊಂದು ಪರೀಕ್ಷೆ ಇದೆ. ಇಗ್ನಿಷನ್ ಆನ್ ಇಟ್ಟು, ಇಂಜಿನ್ ಸ್ಟಾರ್ಟ್ ಮಾಡದೆ ವೈರ್ ಕಿತ್ತು ನೋಡಿ. ಲೈಟ್ ಆರಬೇಕು. ಆರದಿದ್ದರೆ ವೈರ್ ಎಲ್ಲೋ ಗಾಡಿಯ ಲೋಹದ ಮೈಗೆ ತಾಗುತ್ತಿದೆ. ಆರಿದರೆ ವೈರ್ ಚೆನ್ನಾಗಿದೆ ಅಂತ ಮಾತ್ರ ಗೊತ್ತಾಯಿತು, ಪ್ರೆಶರ್ ಬಗ್ಗೆ ಇನ್ನೂ ಏನೂ ಗೊತ್ತಾಗಿಲ್ಲ.

ಅದಕ್ಕೆ ಮೆಕ್ಯಾನಿಕಲ್ ಗೇಜ್ ಬೇಕೇ ಬೇಕು. ಇಂಜಿನ್ ತಣ್ಣಗಿರುವಾಗ ಸ್ವಿಚ್ ಬಿಚ್ಚಿ, ಆ ತೂತಿಗೆ ಹೊಂದುವ ಅಡಾಪ್ಟರನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಥ್ರೆಡ್ ತಪ್ಪಿ ಕೂತರೆ ಅಲ್ಯೂಮಿನಿಯಂ ಬ್ಲಾಕಿನ ಕಥೆ ಮುಗೀತು. ಗೇಜಿನ ಹೋಸ್ ಸೈಲೆನ್ಸರ್ ಪೈಪಿಗೂ ಬೆಲ್ಟಿಗೂ ತಾಗದ ಹಾಗೆ ಕಟ್ಟಿ. ಕಾರಿನ ಕೆಳಗೆ ಹೋಗಬೇಕಿದ್ದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ. ಸ್ಟಾರ್ಟ್ ಮಾಡಿದ ಕೆಲವು ಸೆಕೆಂಡಿನಲ್ಲಿ ಮುಳ್ಳು ಏಳದಿದ್ದರೆ ತಕ್ಷಣ ಆಫ್. ಎದ್ದರೆ ತಣ್ಣಗಿರುವಾಗಿನ ಅಂಕಿ ಬರೆದುಕೊಳ್ಳಿ, ಆಮೇಲೆ ಚೆನ್ನಾಗಿ ಬಿಸಿಯಾಗಲು ಬಿಡಿ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ತೋರಿಸುವುದು ಕೂಲೆಂಟಿನ ಬಿಸಿ, ಎಣ್ಣೆ ಬಿಸಿಯಾಗಲು ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ನಂತರ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಒಂದು ಅಂಕಿ, 2000-3000 ಆರ್‌ಪಿಎಂನಲ್ಲಿ ಇನ್ನೊಂದು. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಅನ್ನುವುದು ಹಳೆಯ ಕೈಲೆಕ್ಕ (1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ), ಆದರೆ ಕೊನೆಯ ಮಾತು ನಿಮ್ಮ ಇಂಜಿನ್ನಿನ ಮ್ಯಾನ್ಯುಯಲ್‌ನದೇ. ಪಂಪಿನ ಒತ್ತಡವನ್ನು ಕಂಪ್ಯೂಟರೇ ಹೆಚ್ಚು ಕಡಿಮೆ ಮಾಡುವ ಹೊಸ ಇಂಜಿನ್ನುಗಳಿಗೆ ಈ ಕೈಲೆಕ್ಕ ಹಿಡಿದು ಕೂರಬೇಡಿ.

ಈಗ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ನನ್ನ ಪ್ರಕಾರ ಪಾಠದ ಸ್ವಾರಸ್ಯ ಇರುವುದೇ ಇಲ್ಲಿ, ಪ್ರೆಶರ್ ಎಷ್ಟು ಇಳಿಯಿತು ಅನ್ನುವುದಕ್ಕಿಂತ ಯಾವಾಗ ಇಳಿಯಿತು ಅನ್ನುವುದು ಜಾಸ್ತಿ ಹೇಳುತ್ತದೆ. ತಣ್ಣಗಿದ್ದಾಗ ಚೆನ್ನಾಗಿದ್ದು, ಬಿಸಿಯಾದ ಮೇಲೆ ಐಡಲ್‌ನಲ್ಲಿ ಕುಸಿದು, ಆಕ್ಸಿಲರೇಟರ್ ಒತ್ತಿದರೆ ಮತ್ತೆ ಏರಿದರೆ ಎಣ್ಣೆ ತೆಳುವಾಗಿದೆ ಅಥವಾ ಬೇರಿಂಗ್ ಸವೆದಿದೆ. ಮೊದಲು ಮ್ಯಾನ್ಯುಯಲ್ ಹೇಳಿದ ಗ್ರೇಡಿನ ಎಣ್ಣೆ, ಹೊಸ ಫಿಲ್ಟರ್ ಹಾಕಿ ಮತ್ತೆ ಅಳೆಯಿರಿ. ದಪ್ಪ ಎಣ್ಣೆ ಹಾಕಿ ಅಂಕಿ ಏರಿಸಬಹುದು, ಸವೆತ ಮಾತ್ರ ಅಲ್ಲೇ ಇರುತ್ತದೆ. ಇದಕ್ಕೆ ಉಲ್ಟಾ, ಐಡಲ್‌ನಲ್ಲಿ ಸರಿಯಾಗಿದ್ದು ಆರ್‌ಪಿಎಂ ಏರಿಸಿದಾಗ ಬೀಳುತ್ತಿದ್ದರೆ ಸಂಪಿನೊಳಗಿನ ಸ್ಟ್ರೈನರ್ (ಪಂಪ್ ಎಣ್ಣೆ ಹೀರುವ ಬಾಯಿಯ ಜಾಲರಿ) ಕಟ್ಟಿದೆಯಾ ಅಂತ ನೋಡಬೇಕು, ಪಂಪ್ ಕೇಳಿದಷ್ಟು ಎಣ್ಣೆ ಅಲ್ಲಿ ಸಿಗುತ್ತಿಲ್ಲ. ಗಟ್ಟಿಯಾದ ಕೊಳೆ ಒಂದು ಕಾರಣ, ಹಿಂದೆ ಸಂಪ್ ಬಿಚ್ಚಿದವರು ಧಾರಾಳವಾಗಿ ಬಳಿದ ಸಿಲಿಕಾನ್ ಎಳೆ ಎಳೆಯಾಗಿ ಬಂದು ಜಾಲರಿಗೆ ಅಂಟುವುದು ಇನ್ನೊಂದು. ತಣ್ಣಗಿರಲಿ ಬಿಸಿ ಇರಲಿ, ಎಷ್ಟು ಒತ್ತಿದರೂ ಏರದೆ ಕೆಳಗೇ ಕೂತಿದ್ದರೆ ಪ್ರೆಶರ್ ಮಿತಿ ಮೀರಿದಾಗ ಎಣ್ಣೆಯನ್ನು ಹೊರಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು, ಅಥವಾ ಕೊನೆಗೂ ನಿಜವಾಗಿಯೇ ಪಂಪ್ ಸವೆದಿರಬಹುದು. ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಮಾತ್ರ ಲೈಟ್ ಮಿನುಗಿದರೆ ಡಿಪ್‌ಸ್ಟಿಕ್ಕಿಗೆ ವಾಪಸ್ ಹೋಗಿ, ಎಣ್ಣೆ ಕಡಿಮೆ ಇರಬಹುದು.

ಬೇರಿಂಗ್ ಮೇಲೆ ಅನುಮಾನ ಬಂದರೆ ಹಳೆ ಫಿಲ್ಟರ್ ಎಸೆಯಬೇಡಿ. ತಗಡಿನ ಡಬ್ಬ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ಗರಗಸ ಬೇಡ, ಅದರ ಪುಡಿಯೇ ಬಿದ್ದು ನಿಮ್ಮನ್ನು ಹೆದರಿಸುತ್ತದೆ. ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದು ಮೆಲ್ಲಗೆ ಓರೆ ಮಾಡಿ. ಮ್ಯಾಗ್ನೆಟ್ಟಿಗೆ ಅಂಟುವ ಪುಡಿ ಕಬ್ಬಿಣದ್ದು. ಅಂಟದೆ, ತಾಮ್ರದ ಬಣ್ಣದಲ್ಲಿ ಮಿಂಚುವ ಚೂರುಗಳು ಕಂಡರೆ ಬೇರಿಂಗಿನ ಮೇಲ್ಪದರ ಸವೆದು ಒಳಪದರ ಉದುರುತ್ತಿರುವ ಸಾಧ್ಯತೆ ಬಹಳ. ಜೊತೆಗೆ ಇಂಜಿನ್ ಕೆಳಭಾಗದಿಂದ ಗಡುಸಾದ ಟಕ್ ಟಕ್ ಶಬ್ದವೂ ಇದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿಕೊಂಡು ವರ್ಕ್‌ಶಾಪಿಗೆ ಕಳಿಸಿ, ಆ ಕತ್ತರಿಸಿದ ಫಿಲ್ಟರನ್ನೂ ಜೊತೆಗೆ ಕೊಡಿ.