ಒಂದು ಗೇಣು ದೂರದ ದನಿ

ಕೆಲವು ವರ್ಷಗಳ ಹಿಂದೆ ಒಬ್ಬ ಯುವ ನಿರ್ದೇಶಕರು ನಮ್ಮ ಸ್ಟುಡಿಯೋಗೆ ಒಂದು ಹಾಡು ತಂದರು. ನಗು ತುಂಬಿದ ಪ್ರೇಮಕತೆಯ ಸಿನಿಮಾ. ಹಾಡು ಹೊಸದು, ಆದರೆ ತಾತನ ಕಾಲದ ಇಂಗ್ಲಿಷ್ ರೆಕಾರ್ಡಿನ ಹಾಗೆ ಕೇಳಬೇಕು ಅಂತ ಅವರ ಆಸೆ. ಅದಕ್ಕಾಗಿ ಗ್ರಾಮಫೋನ್ ಮುಳ್ಳಿನ ಚಟಪಟ ಸದ್ದು ಸೇರಿಸಿದ್ದರು. ದನಿಗೆ ದೊಡ್ಡ ಹಾಲ್‌ನ ಗುಂಯ್‌ಗುಡುವಿಕೆ ಕೊಟ್ಟಿದ್ದರು. ಹಿತ್ತಾಳೆ ವಾದ್ಯ, ಪಿಯಾನೋ, ಡಬಲ್ ಬಾಸ್ ಎಲ್ಲವೂ ಇದ್ದವು. ಕೇಳಿದರೆ ಹಳೆಯದು ಅನಿಸುತ್ತಿತ್ತು ನಿಜ. ಎದೆಗೆ ಮಾತ್ರ ತಾಗುತ್ತಿರಲಿಲ್ಲ.

ಇಪ್ಪತ್ತು ವರ್ಷದಿಂದ ನಾನು ಸಿನಿಮಾಗಳಿಗೆ ಧ್ವನಿ ಮಿಶ್ರಣ ಮಾಡುತ್ತಿದ್ದೇನೆ. ಮಾತು, ಸದ್ದು, ಸಂಗೀತ ಮೂರನ್ನೂ ಹದವಾಗಿ ಬೆರೆಸುವುದು ನನ್ನ ಕೆಲಸ. ಆ ಹಾಡಿನಲ್ಲಿ ಏನು ತಪ್ಪಿದೆ ಅಂತ ಕಂಡುಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ಹಾಡುವವರು ದೂರ ನಿಂತಿದ್ದರು. ಅಷ್ಟೇ.

ಆ ಕಾಲದ ಇಂಥ ಮೆಲುದನಿಯ ಇಂಗ್ಲಿಷ್ ಹಾಡುಗಾರರನ್ನು ‘ಕ್ರೂನರ್’ ಅನ್ನುತ್ತಾರೆ. ಆ ಹೆಸರು ಕೇಳಿದಾಗ ನಮ್ಮಲ್ಲಿ ಹಲವರಿಗೆ ಕೋಟು ತೊಟ್ಟು, ಬೋ ಕಟ್ಟಿ ಹಾಡುವ ಒಬ್ಬ ಗಂಡಸು ಕಣ್ಣ ಮುಂದೆ ಬರುತ್ತಾನೆ. ಆ ಇಂಗ್ಲಿಷ್ ಪದದ ಹಳೆಯ ಅರ್ಥ ಮೆಲ್ಲಗೆ ಗುನುಗುವುದು, ಮಗುವನ್ನು ಮಲಗಿಸುವಾಗ ಹಾಡುವ ಹಾಗೆ. ಜೋಗುಳವನ್ನು ಯಾರೂ ಕೂಗಿ ಹಾಡುವುದಿಲ್ಲ, ಅಲ್ವಾ? ಮಗುವಿನ ಕಿವಿ ಒಂದು ಗೇಣು ದೂರದಲ್ಲಿರುತ್ತದೆ. ಕ್ರೂನರ್ ಹಾಡುವುದೂ ಅಷ್ಟೇ ದೂರದಿಂದ.

ರೆಕಾರ್ಡಿಗಾಗಿ ಹಾಗೆ ಹಾಡಲು 1925ರವರೆಗೆ ಸಾಧ್ಯವೇ ಇರಲಿಲ್ಲ. ಅಲ್ಲಿಯವರೆಗೆ ರೆಕಾರ್ಡಿಂಗ್ ಅಂದರೆ ಒಂದು ದೊಡ್ಡ ಕೊಳವೆ. ಗಾಯಕ ಅದರ ಬಾಯಿಗೆ ಮುಖ ಕೊಟ್ಟು ಜೋರಾಗಿ ಹಾಡಬೇಕು. ಆ ದನಿಯ ಬಲದಲ್ಲೇ ಒಂದು ತೆಳು ಪೊರೆ ಅಲುಗಿ, ಮುಳ್ಳು ಮೇಣದ ಮೇಲೆ ಗೀರು ಹಾಕಬೇಕು. ಪಿಸುಮಾತಿಗೆ ಮುಳ್ಳು ಕದಲುತ್ತಿರಲಿಲ್ಲ. 1925ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳು ಮೈಕ್ ಮತ್ತು ವಿದ್ಯುತ್ ಬಳಸಿ ರೆಕಾರ್ಡ್ ಮಾಡಲು ಶುರು ಮಾಡಿದವು. ಮುಳ್ಳನ್ನು ಅಲುಗಿಸುವ ಬಲ ಈಗ ಯಂತ್ರದ್ದಾಯಿತು. ಗಾಯಕ ಉಸಿರು ಬಿಟ್ಟರೂ ಕೇಳಿಸತೊಡಗಿತು. ‘ಸ’, ‘ಶ’ದಂಥ ಸಣ್ಣ ಅಕ್ಷರಗಳೂ ಮೆಲ್ಲಗೆ ಕಿವಿಗೆ ಬಿದ್ದವು.

1930ರ ದಶಕದಲ್ಲಿ ರಿಬ್ಬನ್ ಮೈಕ್ ಬಂತು. ಆರ್‌ಸಿಎ ಕಂಪನಿಯ ‘44’ ಅದರಲ್ಲಿ ಬಹಳ ಹೆಸರಾದದ್ದು. ಒಳಗೆ ಕೂದಲಿಗಿಂತ ತೆಳ್ಳಗಿನ ಒಂದು ಲೋಹದ ಪಟ್ಟಿ ಇರುತ್ತದೆ. ಇಂಥ ಮೈಕ್‌ಗೆ ಹತ್ತಿರ ಹೋದಷ್ಟೂ ದನಿಯ ತಳದ ಭಾಗ, ಎದೆಯ ಭಾಗ, ದಪ್ಪವಾಗುತ್ತದೆ. ದಿಂಬಿನ ಪಕ್ಕ ಮಲಗಿ ಮಾತಾಡಿದರೆ ದನಿ ಹೇಗೆ ಕೇಳುತ್ತದೋ ಹಾಗೆ. ಅಮೆರಿಕದ ಕ್ರೂನರ್ ಬಿಂಗ್ ಕ್ರಾಸ್ಬಿ ಇದನ್ನು ಚೆನ್ನಾಗಿ ಅರಿತಿದ್ದರು. ಮೈಕ್ ಅವರ ಕೈಯಲ್ಲಿ ಒಂದು ವಾದ್ಯವೇ ಆಯಿತು. ಇದು ಎಷ್ಟು ಹೊಸದಾಗಿತ್ತು ಅಂದರೆ, 1932ರಲ್ಲಿ ಬಾಸ್ಟನ್‌ನ ಹಿರಿಯ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಓಕಾನಲ್ ಈ ಹಾಡುಗಾರಿಕೆಯನ್ನು ಬಹಿರಂಗವಾಗಿ ಖಂಡಿಸಿದರು. ಅವರ ಕೋಪ ನನಗೆ ಅರ್ಥವಾಗುತ್ತದೆ. ಪರಿಚಯವೇ ಇಲ್ಲದ ಗಂಡಸೊಬ್ಬ ರೇಡಿಯೋದಲ್ಲಿ ಬಂದು, ಮನೆಯೊಳಗಿನ ಹೆಣ್ಣಿನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ! ಅದಕ್ಕೂ ಮುಂಚೆ ಅಷ್ಟು ಹತ್ತಿರದ ದನಿ ಗಂಡನದೋ ಮಗುವಿನದೋ ಆಗಿರುತ್ತಿತ್ತು.

ಈಗ 1993ರ ಹಾಲಿವುಡ್ ಸಿನಿಮಾ ‘ಸ್ಲೀಪ್‌ಲೆಸ್ ಇನ್ ಸಿಯಾಟಲ್’ ನೆನಪಿಸಿಕೊಳ್ಳಿ. ನೋರಾ ಎಫ್ರಾನ್ ನಿರ್ದೇಶನದ್ದು. ಹೆಂಡತಿಯನ್ನು ಕಳೆದುಕೊಂಡ ಸ್ಯಾಮ್ ಸಿಯಾಟಲ್‌ನಲ್ಲಿದ್ದಾನೆ. ಅವನ ಪುಟ್ಟ ಮಗ ಕ್ರಿಸ್‌ಮಸ್ ಹಿಂದಿನ ರಾತ್ರಿ ಒಂದು ರೇಡಿಯೋ ಕಾರ್ಯಕ್ರಮಕ್ಕೆ ಫೋನ್ ಮಾಡುತ್ತಾನೆ. ಅಪ್ಪನೂ ಮಾತಾಡಬೇಕಾಗುತ್ತದೆ. ದೇಶದ ಇನ್ನೊಂದು ತುದಿಯಲ್ಲಿ ಕಾರು ಓಡಿಸುತ್ತಾ ಆನಿ ಆ ದನಿ ಕೇಳುತ್ತಾಳೆ. ಅಳುತ್ತಾಳೆ. ಮನಸ್ಸು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಈ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮುಖ ಕಾಣದ ಗಂಡಸು, ರಾತ್ರಿ, ರೇಡಿಯೋ, ಮೈಕ್‌ಗೆ ಹತ್ತಿರದ ಮೆಲುದನಿ. 1930ರ ದಶಕದಲ್ಲಿ ಕ್ರಾಸ್ಬಿಯನ್ನು ಕೇಳಿದ ಹೆಣ್ಣುಮಕ್ಕಳಿಗೆ ಆದದ್ದೇ ಆನಿಗೂ ಆಗುತ್ತಿದೆ. ಇಂಥ ಕತೆಗೆ, ಈ ಚಿತ್ರದಲ್ಲಿ ಕೇಳುವ ನ್ಯಾಟ್ ಕಿಂಗ್ ಕೋಲ್ ಅವರಂಥ ಹಳೆಯ ಅಮೆರಿಕನ್ ಗಾಯಕರ ದನಿ ಬಿಟ್ಟು ಬೇರೇನು ಹೊಂದೀತು? ಹಳೆಯ ಹಾಡು ಅಲ್ಲಿ ಸುಮ್ನೆ ಅಲಂಕಾರಕ್ಕೆ ಬಂದಿಲ್ಲ. ಕತೆ ನಡೆಯುವ ರೀತಿಯೇ ಆ ಹಾಡುಗಳ ರೀತಿ. ಸ್ಯಾಮ್ ಮತ್ತು ಆನಿ ಕೊನೆಗಷ್ಟೇ ನಿಜವಾಗಿ ಭೇಟಿಯಾಗುತ್ತಾರೆ. ಕತೆಯ ಬಹುಪಾಲು ಇಬ್ಬರ ನಡುವೆ ಸಾವಿರಾರು ಮೈಲಿ. ಹಾಡಿನ ದನಿ ಮಾತ್ರ ಮೊದಲ ನಿಮಿಷದಿಂದಲೇ ನಮ್ಮ ಪಕ್ಕ ಕೂತಿರುತ್ತದೆ. ಆ ಇಬ್ಬರಿಗೆ ಸಿಗದ ಹತ್ತಿರವನ್ನು ನೋಡುವ ನಮಗೆ ಮುಂಗಡವಾಗಿ ಕೊಡುತ್ತದೆ. ಹಾಗಾಗಿ ನಾವು ಕಾಯುತ್ತೇವೆ.

ಆ ಸಿನಿಮಾ ತೆರೆದುಕೊಳ್ಳುವುದೂ ಮುಗಿಯುವುದೂ ಜಿಮ್ಮಿ ಡುರಾಂಟೆ ದನಿಯಲ್ಲಿ. ಇವರು ಕ್ರೂನರ್ ಅಲ್ಲವೇ ಅಲ್ಲ. ಹಾಸ್ಯನಟ, ಗೊಗ್ಗರು ಗಂಟಲು. ನುಣುಪಾದ ದನಿಗಳ ನಡುವೆ ಈ ಒರಟು ದನಿಯನ್ನು ಯಾಕೆ ಇಟ್ಟರು? ನನ್ನ ಪ್ರಕಾರ ಅದು ಇಡೀ ಚಿತ್ರದ ಅತಿ ಜಾಣ ಆಯ್ಕೆ. ಕತೆ ಶುರುವಾಗುವುದೇ ಸ್ಮಶಾನದಲ್ಲಿ. ಅದರ ಬೆನ್ನಿಗೇ ಜೇನಿನಂಥ ದನಿ ಬಂದಿದ್ದರೆ ದುಃಖಕ್ಕೆ ಅವಮಾನ ಮಾಡಿದ ಹಾಗಾಗುತ್ತಿತ್ತು. ಡುರಾಂಟೆ ಹಾಡಿದಾಗ ವಯಸ್ಸಾದ ಸೋದರಮಾವ ಹೆಗಲ ಮೇಲೆ ಕೈಯಿಟ್ಟ ಹಾಗಿರುತ್ತದೆ. ಆ ಚಿತ್ರದ ಹಾಡುಗಳ ಧ್ವನಿಸುರುಳಿ 1993ರಲ್ಲಿ ಅಮೆರಿಕದ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಡುರಾಂಟೆ ತೀರಿಕೊಂಡು ಆಗ 13 ವರ್ಷವಾಗಿತ್ತು.

ಇದಕ್ಕೆ ನಾಲ್ಕು ವರ್ಷ ಮುಂಚೆ, 1989ರಲ್ಲಿ, ರಾಬ್ ರೈನರ್ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ ಮಾಡಿದ್ದರು. ಅದನ್ನು ಬರೆದವರೂ ಎಫ್ರಾನ್. ಅಲ್ಲಿ ಹಳೆಯ ಹಾಡುಗಳನ್ನು ಹೊಸದಾಗಿ ಹಾಡಿದ್ದು ಹ್ಯಾರಿ ಕಾನಿಕ್ ಜೂನಿಯರ್. ಸಿನಿಮಾ ಬಂದಾಗ ಅವರಿಗೆ 21 ವರ್ಷ. ಮುಖ್ಯ ಹಾಡು 1924ರದ್ದು, ಅಂದರೆ ಮೈಕ್‌ನಲ್ಲಿ ರೆಕಾರ್ಡಿಂಗ್ ಶುರುವಾಗುವ ಒಂದು ವರ್ಷ ಮುಂಚಿನದು. ಆ ಕೆಲಸಕ್ಕೆ ಕಾನಿಕ್‌ಗೆ ಗ್ರ್ಯಾಮಿ ಪ್ರಶಸ್ತಿ ಬಂತು.

ಹಳೆಯ ಹಾಡನ್ನು ಹೀಗೆ ಮತ್ತೆ ಹಾಡಿಸಲು ವ್ಯವಹಾರದ ಕಾರಣವೂ ಇರುತ್ತದೆ. ಹಾಡು ಬರೆದವರ ಹಕ್ಕು ಒಂದು, ಆ ಹಳೆಯ ರೆಕಾರ್ಡಿನ ಹಕ್ಕು ಇನ್ನೊಂದು. ಹೊಸದಾಗಿ ಹಾಡಿಸಿದರೆ ಎರಡನೆಯದು ಬೇಕಿಲ್ಲ. ಜೊತೆಗೆ ದೃಶ್ಯಕ್ಕೆ ತಕ್ಕಂತೆ ಉದ್ದ, ಗತಿ ಬದಲಿಸಿಕೊಳ್ಳಬಹುದು.

ಆದರೂ ಆ ಚಿತ್ರದ ಕೊನೆಯಲ್ಲಿ, ಹೊಸ ವರ್ಷದ ಹಿಂದಿನ ರಾತ್ರಿ ನಾಯಕ ಹ್ಯಾರಿ ನ್ಯೂಯಾರ್ಕ್ ಬೀದಿಯಲ್ಲಿ ಸ್ಯಾಲಿಯನ್ನು ಹುಡುಕಿಕೊಂಡು ಓಡುವಾಗ, ಕೇಳುವುದು ಅಮೆರಿಕದ ಹಳೆಯ ಗಾಯಕ ಫ್ರಾಂಕ್ ಸಿನಾಟ್ರಾ ದನಿ. ಅವನು ಓಡುತ್ತಿದ್ದಾನೆ, ಹಾಡಿಗೆ ಯಾವ ಅವಸರವೂ ಇಲ್ಲ. ನಮ್ಮಲ್ಲಿ ಇಂಥ ದೃಶ್ಯ ಬಂದರೆ ಡ್ರಮ್ಸ್ ಜಾಸ್ತಿ ಮಾಡಿ ಅನ್ನುತ್ತಾರೆ. ಸಿನಾಟ್ರಾ ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ ಹಾಡುತ್ತಾರೆ, ಮಾತಾಡುವವರ ಹಾಗೆ. ಎಲ್ಲಿ ತಲುಪಬೇಕು ಅಂತ ಓಡುವವನಿಗಿಂತ ಮೊದಲೇ ಆ ದನಿಗೆ ಗೊತ್ತಿದೆ. ಹಾಗಾಗಿ ಅದು ನಿಧಾನವಾಗಿ ಬರುತ್ತದೆ.

ನಮ್ಮ ಕಿವಿಗೆ ಇದು ಹೊಸದೇನಲ್ಲ. ಪಿ.ಬಿ. ಶ್ರೀನಿವಾಸ್ ಅವರ ಹಾಡು ಕೇಳಿ ಬೆಳೆದವರು ನಾವು. ಅವರೂ ಮೈಕ್‌ಗೆ ಮೆಲ್ಲಗೆ ಹೇಳುವ ಹಾಗೆ ಹಾಡಿದವರು. ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ಪರದೆಯ ಮೇಲೆ ಆ ದನಿ ರಾಜ್‌ಕುಮಾರ್ ಅವರದಾಗುತ್ತಿತ್ತು, ನಾಯಕನೇ ಬಾಯಿ ತೆರೆದು ಹಾಡುತ್ತಿದ್ದ. ನಾನು ಹೇಳುತ್ತಿರುವ ಸಿನಿಮಾಗಳಲ್ಲಿ ಪಾತ್ರಗಳು ಆ ಹಾಡಿಗೆ ಬಾಯಿ ಆಡಿಸುವುದಿಲ್ಲ. ದನಿ ಹೊರಗಿನಿಂದ, ಹಿಂದಿನ ತಲೆಮಾರಿನಿಂದ ಬರುತ್ತದೆ. ಒಪ್ಪಿಕೊಳ್ಳಲು ಹೆದರುವ ಇಬ್ಬರ ಬಗ್ಗೆ, ಪ್ರೀತಿಯನ್ನು ನೇರವಾಗಿ ಹೇಳಲು ಹೆದರದಿದ್ದ ಕಾಲವೊಂದು ಹಾಡುತ್ತಿರುತ್ತದೆ.

ಮಿಶ್ರಣದ ಮೇಜಿನಲ್ಲಿ ಇದನ್ನು ಉಳಿಸಿಕೊಳ್ಳುವುದು ಕಷ್ಟ. ಸಂಭಾಷಣೆ ಮತ್ತು ಗಾಯನ ಎರಡೂ ಮನುಷ್ಯನ ದನಿ. ಮಾತು ಸ್ಪಷ್ಟವಾಗಿ ಕೇಳಲು ಸುಮಾರು 1,000ದಿಂದ 4,000 ಹರ್ಟ್ಸ್ (ಒಂದು ಸೆಕೆಂಡಿನ ಕಂಪನಗಳ ಲೆಕ್ಕ) ನಡುವಿನ ಜಾಗ ಬೇಕು. ಹಾಡಿನ ಪದಗಳಿಗೂ ಅದೇ ಜಾಗ ಬೇಕು. ಅದರ ಮೇಲೆ ಹಳೆಯ ರೆಕಾರ್ಡುಗಳು ಮೋನೋ, ಅಂದರೆ ಎಡಬಲ ಬೇರೆಯಿಲ್ಲದೆ ಎಲ್ಲ ಸದ್ದೂ ಒಂದೇ ಆಗಿರುವಂಥವು. ಅವನ್ನು ಹಾಗೇ ಹಾಕಿದರೆ ಪರದೆಯ ಹಿಂದಿನ ನಡುವಿನ ಸ್ಪೀಕರ್‌ಗೆ ಹೋಗುತ್ತವೆ. ಪಾತ್ರಗಳ ಮಾತು ಬರುವುದೂ ಅಲ್ಲಿಂದಲೇ. ಹಾಡನ್ನು ಎಡಬಲಕ್ಕೆ ಹರಡಿ, ಸ್ವಲ್ಪ ಪ್ರತಿಧ್ವನಿ ಹಚ್ಚಿ, ಮಾತಿಗೆ ಜಾಗ ಮಾಡಿಕೊಡುವುದು ವಾಡಿಕೆ. ಹಾಗೆ ಮಾಡಿದ ಕೂಡಲೇ ಕಿವಿಯ ಹತ್ತಿರ ಇದ್ದವನು ಎದ್ದು ಹೋಗಿ ಹಾಲ್‌ನ ಮೂಲೆಯಲ್ಲಿ ನಿಲ್ಲುತ್ತಾನೆ. ನಾನು ಅದನ್ನು ಆದಷ್ಟು ಮಾಡುವುದಿಲ್ಲ. ಸಂಕಲನಕಾರರ ಜೊತೆ ಕೂತು, ಪಾತ್ರ ಮಾತಾಡುವಾಗ ಹಾಡಿನ ವಾದ್ಯಭಾಗ ಬೀಳುವ ಹಾಗೆ ಕೂಡಿಸುತ್ತೇನೆ. ಇಬ್ಬರೂ ಸುಮ್ಮನಾದಾಗ ಪಲ್ಲವಿ ಬರಲಿ. ಹಳೆಯ ಹಾಡುಗಳಲ್ಲಿ ಸಾಲಿಗೂ ಸಾಲಿಗೂ ನಡುವೆ ಧಾರಾಳ ಬಿಡುವು ಇರುತ್ತದೆ. ಒಂದು ಚಿಕ್ಕ ‘ಹೂಂ’ ಆ ಬಿಡುವಿನಲ್ಲಿ ಸಲೀಸಾಗಿ ಕೂರುತ್ತದೆ.

ಆ ಯುವ ನಿರ್ದೇಶಕರ ಹಾಡಿಗೆ ಮರಳುತ್ತೇನೆ. ಚಟಪಟ ಸದ್ದು ತೆಗೆದೆವು. ಗುಂಯ್‌ಗುಡುವಿಕೆ ತೆಗೆದೆವು. ಗಾಯಕರನ್ನು ಮತ್ತೆ ಕರೆಸಿ, ರಿಬ್ಬನ್ ಮೈಕ್ ಇಟ್ಟು, ಒಂದು ಗೇಣು ದೂರದಲ್ಲಿ ಸ್ಟೂಲ್ ಮೇಲೆ ಕೂರಿಸಿದೆವು. ಅವರು ವೇದಿಕೆಯಲ್ಲಿ ತುಂಬುಕಂಠದಿಂದ ಹಾಡುವವರು. ಮೊದಲ ಮೂರು ಟೇಕ್‌ನಲ್ಲೂ ದನಿ ಏರುತ್ತಲೇ ಹೋಯಿತು. ಆಗ ನಾನು ಸ್ಟುಡಿಯೋದ ದೀಪಗಳನ್ನು ಕಡಿಮೆ ಮಾಡಿದೆ. ಪಕ್ಕದ ಕೋಣೆಯಲ್ಲಿ ನಿಮ್ಮ ಮಗಳು ಮಲಗಿದ್ದಾಳೆ, ಅವಳಿಗೆ ಎಚ್ಚರ ಆಗಬಾರದು ಅಂದುಕೊಂಡು ಹಾಡಿ ಅಂದೆ. ನಾಲ್ಕನೆಯ ಟೇಕ್‌ನಲ್ಲಿ ಅವರು ಎರಡನೇ ಸಾಲಿಗೆ ಮುಂಚೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಸಿನಿಮಾದಲ್ಲಿ ಆ ಉಸಿರನ್ನು ಹಾಗೇ ಉಳಿಸಿದ್ದೇವೆ.