ಚೀಟಿಯೊಳಗೆ ಹೋದ ಸವಾಲು

ವಿಜಯಪುರದ ಒಂದು ಸಭಾಂಗಣ. ವೇದಿಕೆ ಹಿಂದಿನ ಫ್ಲೆಕ್ಸ್ ಮೇಲೆ ದಪ್ಪ ಅಕ್ಷರದಲ್ಲಿ ‘ಸಂವಾದ’ ಅಂತ ಬರೆದಿತ್ತು. ಹತ್ತೂವರೆಯ ಕಾರ್ಯಕ್ರಮ ಹನ್ನೊಂದೂಕಾಲಿಗೆ ಶುರುವಾಯಿತು. ಸ್ವಾಗತ, ಪ್ರಾಸ್ತಾವಿಕ, ಗಿಡಕ್ಕೆ ನೀರು, ಶಾಲು, ಹಾರ. ಬಂದ ಅತಿಥಿ ರಷ್ಯಾ-ಉಕ್ರೇನ್ ಯುದ್ಧದ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಆಮೇಲೆ ಕಾಲೇಜು ಹುಡುಗಿಯೊಬ್ಬಳು ಬಿಳಿ ಚೀಟಿ ಹಂಚುತ್ತ ಬಂದಳು.

ನನ್ನ ಪಕ್ಕ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಕೂತಿದ್ದರು. ನನ್ನ ಪೆನ್ನು ಇಸಕೊಂಡರು. ಚೀಟಿಯನ್ನು ತೊಡೆಯ ಮೇಲಿಟ್ಟು ನಿಧಾನಕ್ಕೆ ಬರೆದರು: ‘ಅಲ್ಲಿ ಲಡಾಯಿ ಆದ್ರ ಇಲ್ಲಿ ಪೊಟ್ಯಾಶ್ ಯಾಕ ತುಟ್ಟಿ ಆಗ್ತದ?’

ನಿರೂಪಕರ ಕೈಗೆ ಒಂದು ಹಿಡಿ ಚೀಟಿ ಸೇರಿತು. ಅವರು ಓದಿದ್ದು ಎರಡು. ಮೊದಲನೆಯದು, ‘ಇಂದಿನ ಯುವಕರಿಗೆ ತಮ್ಮ ಸಂದೇಶವೇನು?’ ಎರಡನೆಯದು ನನಗೆ ನೆನಪಿಲ್ಲ, ಅದೂ ಅಂಥದ್ದೇ. ನಂತರ ಸಮಯದ ಅಭಾವ, ವಂದನಾರ್ಪಣೆ, ಉಪ್ಪಿಟ್ಟು.

ನಮ್ಮ ಕಡೆ ಪ್ರಶ್ನೆ ಯಾವಾಗ ಚೀಟಿಯೊಳಗೆ ಹೋಯಿತು? ಅವತ್ತಿನಿಂದ ಇದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಯಾಕಂದ್ರೆ ಎದುರು ನಿಂತು ಕೇಳೋದರಲ್ಲಿ ಈ ಸೀಮೆಯ ಜನ ಎಂದೂ ಹಿಂದೆ ಬಿದ್ದವರಲ್ಲ.

ಗೀಗೀ ಪದದ ಮೇಳ ಕೇಳಿದವರಿಗೆ ಇದು ಗೊತ್ತು. ಹರದೇಶಿ ಒಂದು ಕಡೆ, ನಾಗೇಶಿ ಇನ್ನೊಂದು ಕಡೆ. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಅಂತ ವಾದ ಹೂಡುತ್ತಾರೆ. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಅಂತಾರೆ. ದಪ್ಪು, ತುಂತುಣಿ, ತಾಳ. ಹಿಂದಿನಿಂದ ‘ಗೀಗೀ’ ಅನ್ನುವ ಹಿಮ್ಮೇಳ. ಒಬ್ಬರು ಸವಾಲು ಹಾಕಿ ಕೂತರೆ ಇನ್ನೊಬ್ಬರು ಎದ್ದು ಅದಕ್ಕೆ ಜವಾಬು ಹಾಡಲೇಬೇಕು. ಹಾಡಿ ಮುಗಿಸಿ ತಮ್ಮ ಸವಾಲು ಎಸೆಯಬೇಕು. ಜಾತ್ರೆಯ ರಾತ್ರಿ ಬೆಳಗಾಗುವ ತನಕ ಇದೇ ನಡೆಯುತ್ತದೆ. ಜವಾಬು ತಪ್ಪಿಸಿ ಬೇರೆ ಪದ ಎತ್ತಿಕೊಂಡರೆ ಕೂತ ಜನ ಸುಮ್ನೆ ಬಿಡೋದಿಲ್ಲ. ‘ಮೊದಲ ಅದರ ಜವಾಬು ಹೇಳ್ರಿ’ ಅಂತ ಕತ್ತಲೊಳಗಿಂದ ದನಿ ಬರುತ್ತದೆ. ಸೃಷ್ಟಿ, ಪುರಾಣ, ಮೈಯೊಳಗಿನ ನಾಡಿ, ಸಂಸಾರದ ಜಗಳ, ಎಲ್ಲಕ್ಕೂ ಅಲ್ಲಿ ಜಾಗ ಉಂಟು. ಸ್ವಾತಂತ್ರ್ಯ ಹೋರಾಟದ ಸುದ್ದಿಯನ್ನೂ, ಮುಂದೆ ಸರ್ಕಾರದ ಕುಟುಂಬ ಯೋಜನೆಯನ್ನೂ ಹಳ್ಳಿಗೆ ಮುಟ್ಟಿಸಿದ್ದು ಇದೇ ಗೀಗೀ. ಲೋಕದ ವಿದ್ಯಮಾನ, ವಿಜ್ಞಾನ ಅಂತ ನಾವು ಈಗ ಫ್ಲೆಕ್ಸ್ ಮೇಲೆ ಬರೆಸೋದು ಅಲ್ಲಿ ಪದದೊಳಗೇ ಇರುತ್ತಿತ್ತು.

ಇನ್ನೂ ಹಿಂದಕ್ಕೆ ಹೋದರೆ ಹನ್ನೆರಡನೆಯ ಶತಮಾನ. ಬಸವಣ್ಣ ಹುಟ್ಟಿದ ಬಾಗೇವಾಡಿ ವಿಜಯಪುರ ಜಿಲ್ಲೆಯಲ್ಲಿದೆ, ಓದಿ ಬೆಳೆದ ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲಿದೆ. ಶರಣರ ಮಾತುಕತೆ ನಡೆದದ್ದು ಮಾತ್ರ ಕಲ್ಯಾಣದಲ್ಲಿ. ಅನುಭವ ಮಂಟಪ ಕಟ್ಟಡವಾಗಿ ಇತ್ತೋ ಇಲ್ಲವೋ ಎಂದು ವಿದ್ವಾಂಸರು ಇವತ್ತಿಗೂ ಜಗಳಾಡುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಸಂಗತಿ ಅಂದ್ರೆ, ಹದಿನೈದನೆಯ ಶತಮಾನದಲ್ಲಿ ಶೂನ್ಯಸಂಪಾದನೆ ಜೋಡಿಸಿದವರು ವಚನಗಳನ್ನು ಪ್ರಶ್ನೆ-ಉತ್ತರವಾಗಿಯೇ ಜೋಡಿಸಿದರು. ಅಲ್ಲಿ ಅಕ್ಕಮಹಾದೇವಿ ಬಂದಾಗ ಅಲ್ಲಮ ಹಾರ ಹಾಕಿ ಸ್ವಾಗತಿಸುವುದಿಲ್ಲ. ನಿನ್ನ ಗಂಡ ಯಾರು ಹೇಳು, ಮೈಯ ಹಂಗು ಬಿಟ್ಟವಳು ಕೂದಲಿನಿಂದ ಯಾಕೆ ಮುಚ್ಚಿಕೊಂಡೆ ಅಂತ ಎಲ್ಲರ ಎದುರು ಕೇಳುತ್ತಾನೆ. ಹಣ್ಣು ಒಳಗೆ ಮಾಗದೆ ಹೊರಗಿನ ಸಿಪ್ಪೆಯ ಬಣ್ಣ ಕೆಡುವುದಿಲ್ಲ ಎಂದು ಅವಳು ತಿರುಗಿ ಉತ್ತರಿಸುತ್ತಾಳೆ. ಆ ಉತ್ತರದ ಮೇಲೆಯೇ ಅವಳಿಗೆ ಅಲ್ಲಿ ಜಾಗ ಸಿಗುತ್ತದೆ.

ಇನ್ನು 1892ರ ಅಕ್ಟೋಬರಿಗೆ ಬರೋಣ. ಬೆಳಗಾವಿಗೆ ಒಬ್ಬ ಬಂಗಾಳಿ ಸನ್ಯಾಸಿ ಬಂದ. ಶಿಕಾಗೋ ಭಾಷಣಕ್ಕೆ ಇನ್ನೂ ಹನ್ನೊಂದು ತಿಂಗಳು ಬಾಕಿ. ವಿವೇಕಾನಂದ ಅಂದರೆ ಯಾರೆಂದು ಊರಿಗೆ ಗೊತ್ತಿಲ್ಲ. ಮೊದಲು ವಕೀಲ ಭಾಟೆಯವರ ಮನೆ, ಆಮೇಲೆ ಕೋಟೆಯಲ್ಲಿದ್ದ ಅರಣ್ಯ ಅಧಿಕಾರಿ ಹರಿಪದ ಮಿತ್ರರ ಮನೆ. ಒಟ್ಟು ಹನ್ನೆರಡು ದಿನ. ಊರಿನ ಓದಿದವರು, ವಕೀಲರು ಬಂದು ಕೂತು ಪ್ರಶ್ನೆ ಹಾಕಿದರು. ಒಬ್ಬ ಎಂಜಿನಿಯರಂತೂ ವಾದದಲ್ಲಿ ಸಿಟ್ಟಿಗೇ ಬಿದ್ದನಂತೆ, ಸನ್ಯಾಸಿ ಮಾತ್ರ ಬಿಸಿಯಾಗಲಿಲ್ಲ. ಮಿತ್ರರೂ ಸುಮ್ನೆ ಕೈ ಮುಗಿದವರಲ್ಲ, ಅನುಮಾನದಿಂದಲೇ ಶುರು ಮಾಡಿದವರು. ಡಿಕನ್ಸನ ಪಿಕ್‌ವಿಕ್ ಕಾದಂಬರಿಯ ಪುಟಗಳನ್ನು ಈ ಸನ್ಯಾಸಿ ಬಾಯಿಪಾಠ ಹೇಳಿದ್ದನ್ನು ಕೇಳಿ ಬೆರಗಾದದ್ದಾಗಿ ಅವರೇ ಬರೆದಿಟ್ಟಿದ್ದಾರೆ. ವೇದಿಕೆ ಇಲ್ಲ, ಅಧ್ಯಕ್ಷರಿಲ್ಲ. ಎಲೆ-ಅಡಿಕೆ ತಟ್ಟೆ ಒಂದಿತ್ತು.

ಅದೇ ಕಾಲಕ್ಕೆ ಇನ್ನೊಂದು ರೂಢಿ ಬೆಳೆಯುತ್ತಿತ್ತು, ವ್ಯಾಖ್ಯಾನಮಾಲೆ, ಅಂದ್ರೆ ಭಾಷಣಗಳ ಸರಣಿ. ಪುಣೆಯಲ್ಲಿ ನ್ಯಾಯಮೂರ್ತಿ ರಾನಡೆಯವರು 1875ರಲ್ಲಿ ವಸಂತ ವ್ಯಾಖ್ಯಾನಮಾಲೆ ಶುರು ಮಾಡಿದ್ದರು. ನಾವು ಆಗ ಮುಂಬೈ ಪ್ರಾಂತದವರು, ಪುಣೆಯ ಗಾಳಿ ಬೆಳಗಾವಿಗೆ ಬೇಗ ಮುಟ್ಟುತ್ತಿತ್ತು. ದಿನಕ್ಕೊಬ್ಬ ವಿದ್ವಾಂಸ, ದಿನಕ್ಕೊಂದು ವಿಷಯ. ದೊಡ್ಡ ಕೆಲಸವೇ ಅದು, ಇಲ್ಲ ಅನ್ನೋಕಾಗಲ್ಲ. ಆದರೆ ಮಾತಾಡುವವನು ಎತ್ತರಕ್ಕೆ ಹೋದ, ಕೇಳುವವರು ಸಾಲಾಗಿ ಕೂತರು. 1916ರಲ್ಲಿ ತಿಲಕರು ಬೆಳಗಾವಿಯಲ್ಲಿ ಹೋಮ್ ರೂಲ್ ಲೀಗ್ ಹುಟ್ಟುಹಾಕಿದರು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಇಲ್ಲೇ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. ಅಷ್ಟು ಜನ ಸೇರಿದ ಮೇಲೆ ಯಾರು ಯಾರನ್ನು ಕೇಳೋದು? ಭಾಷಣ ಅನ್ನೋದು ಊರ ಬಾಯಿಗೆ ಬಂದದ್ದು ಆ ಕಾಲದಲ್ಲಿ ಅಂತ ನನ್ನ ಅಂದಾಜು.

ಇದರ ನಡುವೆಯೇ ಭೀಮಾ ತೀರದ ಹಲಸಂಗಿಯಲ್ಲಿ ಬೇರೆಯದೇ ಒಂದು ನಡೆಯಿತು. ಈ ಊರಿನ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಮೋಹ, ಇರಲಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ, ಇವರು ಅಲ್ಲಿಯ ಸಾಹಿತ್ಯದ ಗೆಳೆಯರು. ದೊಡ್ಡ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಮಧುರಚೆನ್ನರದು ಮುಲ್ಕಿ ಪರೀಕ್ಷೆಯವರೆಗಿನ, ಅಂದ್ರೆ ಕನ್ನಡ ಏಳನೆಯ ಇಯತ್ತೆಯ ಓದು. ಆದರೂ ಹಲಸಂಗಿಯಲ್ಲಿ ಕೂತು ಅರವಿಂದರ ವಿಚಾರ ಓದಿದರು, ಅವರಿದ್ದ ಪಾಂಡಿಚೇರಿಗೂ ಹೋಗಿ ಬಂದರು. ಅದೇ ಗೆಳೆಯರು ಬೀಸುವ ಕಲ್ಲಿನ ಹತ್ತಿರ ಕೂತು ಹೆಂಗಸರ ಹಾಡು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂದದ್ದು ಹಾಗೆ. ಲಾವಣಿಕಾರ ಖಾಜಾಭಾಯಿ ಅದೇ ಊರಿನವರು. ಅಂದರೆ ಸವಾಲು-ಜವಾಬಿನ ಲಾವಣಿ ಮತ್ತು ಪಾಂಡಿಚೇರಿಯ ತತ್ವ ಒಂದೇ ಊರಲ್ಲಿ ಇದ್ದವು. ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಬೇಕು ಅಂತ ಆ ಗೆಳೆಯರಿಗೆ ಅನ್ನಿಸಲಿಲ್ಲ.

ವಿಜಯಪುರ ಊರಲ್ಲೇ ಆಗ ವಕೀಲ ಫ. ಗು. ಹಳಕಟ್ಟಿ ಇದ್ದರು. ತಾಳೆಗರಿ ಹುಡುಕುತ್ತ ಊರೂರು ತಿರುಗಿದರು, 1923ರಲ್ಲಿ ವಚನಗಳ ದೊಡ್ಡ ಸಂಕಲನ ತಂದರು. ಮನೆ ಮಾರಿ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ. ಶರಣರ ವಾದ-ಸಂವಾದ ಮತ್ತೆ ಜನರ ಕೈಗೆ ಬಂತು, ಈ ಸಲ ಅಚ್ಚಾಗಿ. ಆದರೆ ಅಚ್ಚಾದದ್ದನ್ನು ಒಬ್ಬನೇ ಕೂತು ಓದುತ್ತಾನೆ. ಅಲ್ಲಮನನ್ನು ಓದಬಹುದು, ಅಡ್ಡ ಹಾಕಿ ಕೇಳೋಕಾಗಲ್ಲ.

ಆಮೇಲೆ ಮೈಕು ಬಂತು. ಸಮ್ಮೇಳನ, ಗೋಷ್ಠಿ, ಹತ್ತು ಜನ ಕೂರುವ ವೇದಿಕೆ ಬಂತು. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಭಯ. ಭಾಷೆ, ಗಡಿ, ಜಾತಿ ಎಲ್ಲ ಒಟ್ಟಿಗಿರುವ ಸೀಮೆ ಇದು. ಮೈಕು ಸಭೆಯ ಕೈಗೆ ಹೋದರೆ ಏನು ಬರುತ್ತದೋ ಅಂತ ಸಂಘಟಕರಿಗೆ ಎದೆ ಢವಢವ. ಚೀಟಿಯಾದರೆ ಓದದೆ ಬಿಡಬಹುದು, ಅಲ್ವಾ?

ಇಲ್ಲಿ ಪ್ರವಚನದ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಒಂದೊಂದು ಊರಲ್ಲಿ ತಿಂಗಳುಗಟ್ಟಲೆ ಬೆಳಗಿನ ಪ್ರವಚನ ಹೇಳುತ್ತಿದ್ದರು. ಜೇಬಿಲ್ಲದ ಬಿಳಿ ಅಂಗಿ, ಮೆಲು ದನಿ. ಉಪನಿಷತ್ತು, ವಚನ, ಪಶ್ಚಿಮದ ತತ್ವ ಮೂರೂ ಹೊಲ-ಗಿಡ-ಹಕ್ಕಿಯ ಮಾತಾಗಿ ಬರುತ್ತಿದ್ದವು. ಸಾವಿರಾರು ಜನ ಕೆಮ್ಮದೆ ಕೂತಿರುತ್ತಿದ್ದರು. 2018ರಲ್ಲಿ ಪದ್ಮಶ್ರೀ ಬೇಡ ಅಂದರು, 2023ರ ಜನವರಿ 2ರಂದು ಹೋದರು. ಅಲ್ಲಿ ಪ್ರಶ್ನೆ ಇರಲಿಲ್ಲ ಅನ್ನುವುದು ದೂರಲ್ಲ, ಪ್ರವಚನದ ಗುಣವೇ ಅದು. ಹಾಗೆ ಕೇಳಿಸಿಕೊಳ್ಳೋದೂ ಒಂದು ವಿದ್ಯೆ. ತೊಂದರೆ ಬಂದದ್ದು ಉಳಿದ ಭಾಷಣಕಾರರೂ ಜನ ಹೀಗೇ ಸುಮ್ಮನಿರಲಿ ಅಂತ ಬಯಸಿದಾಗ. ಸ್ವಾಮೀಜಿಗೆ ಸಿಕ್ಕ ಆ ಮೌನ ಎಲ್ಲರ ಪಾಲಿಗೆ ಸಿಗುವಂಥದ್ದೇ?

ಅವತ್ತು ಉಪ್ಪಿಟ್ಟು ತಿಂದು ಹೊರಗೆ ಬಂದೆವು. ಅತಿಥಿಯ ಕಾರು ಇನ್ನೂ ಬಂದಿರಲಿಲ್ಲ, ಅವರು ಎದುರಿನ ಚಾದ ಅಂಗಡಿಯಲ್ಲಿ ನಿಂತಿದ್ದರು. ದ್ರಾಕ್ಷಿಯವರು ನೇರ ಹೋಗಿ, ‘ಸರ್, ನನ್ನ ಚೀಟಿ ಓದಲೇ ಇಲ್ಲರೀ’ ಅಂದರು. ಚೀಟಿಯಲ್ಲಿದ್ದದ್ದನ್ನು ಹೇಳಿದರು.

ಅತಿಥಿಯ ಮುಖ ಅರಳಿತು. ಪೊಟ್ಯಾಶ್ ಗೊಬ್ಬರಕ್ಕೆ ಭಾರತ ಹೊರಗಿನ ಆಮದನ್ನೇ ನೆಚ್ಚಿದೆ, ಜಗತ್ತಿಗೆ ಜಾಸ್ತಿ ಕಳಿಸುವವರು ಕೆನಡಾ, ರಷ್ಯಾ, ಬೆಲಾರೂಸ್, ಯುದ್ಧ ಮತ್ತು ನಿರ್ಬಂಧದಿಂದ ಹಡಗು, ಬ್ಯಾಂಕು ಎರಡಕ್ಕೂ ಅಡ್ಡಿಯಾಯಿತು ಎಂದು ಬಿಡಿಸಿ ಹೇಳಿದರು. ವೇದಿಕೆ ಮೇಲೆ ಹೇಳಿದ್ದಕ್ಕಿಂತ ಇದು ಚೆನ್ನಾಗಿತ್ತು.

‘ಮತ್ತ ಬೆಲಾರೂಸ್‌ದವ್ರು ಲಡಾಯಿ ಮಾಡಲಿಲ್ಲಲ್ರೀ?’

‘ಅದಕ್ಕ ಬರ್ತೀನಿ, ತಡೀರಿ’ ಅಂತ ಅತಿಥಿ ಇನ್ನೊಂದು ಚಾ ಹೇಳಿದರು. ಅಷ್ಟರಲ್ಲಿ ಕಾರು ಬಂದು ನಿಂತಿತು. ಅವರು ಡ್ರೈವರ್‌ಗೆ ಐದು ನಿಮಿಷ ಅಂತ ಬೆರಳು ತೋರಿಸಿದರು.