ಈವ್, ನಾಗವಲ್ಲಿ ಮತ್ತು ತಪ್ಪಿಹೋದ ನೆನಪು

1957ರ ಕಪ್ಪುಬಿಳುಪು ಸಿನಿಮಾ ‘ದ ತ್ರೀ ಫೇಸಸ್ ಆಫ್ ಈವ್’ನಲ್ಲಿ ವೈದ್ಯರಿಗೆ ಸಿಗುವ ಮೊದಲ ಸುಳಿವು ತಲೆನೋವು. ಎರಡನೆಯದು ಬಟ್ಟೆ. ಬಾಯಿಸತ್ತ ಗೃಹಿಣಿ ಈವ್ ವೈಟ್ ತಾನಾಗಿ ಎಂದೂ ತೊಡದಂಥ ದುಬಾರಿ ಉಡುಪುಗಳು ಮನೆಗೆ ಬಂದಿವೆ. ಗಂಡ ರೇಗುತ್ತಾನೆ, ಅವಳು ಕೊಂಡಿಲ್ಲವೆಂದು ಅಳುತ್ತಾಳೆ. ಅವಳ ಮಟ್ಟಿಗೆ ಅದು ನಿಜ. ಕೊಂಡವಳು ಅದೇ ಮೈಯೊಳಗಿನ ಚೆಲ್ಲು ಹುಡುಗಿ ಈವ್ ಬ್ಲ್ಯಾಕ್. ಜೊವಾನ್ ವುಡ್‌ವರ್ಡ್‌ಗೆ ಆಸ್ಕರ್ ತಂದದ್ದು ಕ್ಷಣದಲ್ಲಿ ಬದಲಾಗುವ ಮುಖ, ದನಿ, ಕೂರುವ ಭಂಗಿ. ಆದರೆ ಮನೋವೈದ್ಯರ ಕಣ್ಣು ನಿಲ್ಲುವುದು ಬಟ್ಟೆಯ ಜಗಳದ ಮೇಲೆ.

ಬಹುವ್ಯಕ್ತಿತ್ವದ ಕಾಯಿಲೆಯಲ್ಲಿ ಒಂದು ಮುಖ್ಯ ಲಕ್ಷಣ ಕಾಣೆಯಾದ ಸಮಯ. ಪೇಟೆಗೆ ಹೋದದ್ದು ನೆನಪಿಲ್ಲ, ಕೈಯಲ್ಲಿ ಸಾಮಾನಿದೆ. ಚೀಟಿಯ ಮೇಲೆ ತನ್ನದೇ ಅಕ್ಷರ, ಬರೆದ ನೆನಪಿಲ್ಲ. ಗುರುತಿಲ್ಲದವರು ಸಲಿಗೆಯಿಂದ ಮಾತಾಡಿಸುತ್ತಾರೆ. ಇದನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಕಷ್ಟ, ಹಾಗಾಗಿ ಸಿನಿಮಾಗಳು ಮುಖವನ್ನು ಹಿಡಿಯುತ್ತವೆ. ನಿಜದಲ್ಲಿ ಒಂದು ವ್ಯಕ್ತಿತ್ವದಿಂದ ಇನ್ನೊಂದಕ್ಕೆ ಜಾರುವುದು ಬಹುಪಾಲು ಸದ್ದಿಲ್ಲದೆ ಆಗುತ್ತದೆ: ನೋಟ ಒಂದು ಗಳಿಗೆ ಎಲ್ಲೋ ನಿಲ್ಲುತ್ತದೆ, ಮಾತಿನ ಎಳೆ ತಪ್ಪುತ್ತದೆ, ಅಷ್ಟೆ. ಮನೆಯವರು ಅದನ್ನು ಮರೆವು ಎಂದೋ ಸುಳ್ಳು ಎಂದೋ ತಿಳಿದು ವರ್ಷಗಳನ್ನು ಕಳೆಯುತ್ತಾರೆ.

ಕಾಸರಗೋಡಿನ ಕನ್ನಡಿಗರಿಗೆ ಇಂಥ ಕಥೆ ಹೊಸದಲ್ಲ. 1993ರ ‘ಮಣಿಚಿತ್ರತ್ತಾಳ್’ ಅನ್ನು ಮಲಯಾಳದಲ್ಲಿ, 2004ರ ‘ಆಪ್ತಮಿತ್ರ’ವನ್ನು ಕನ್ನಡದಲ್ಲಿ, ಎರಡನ್ನೂ ನೋಡಿದವರು ಕುಂಬಳೆ, ಬದಿಯಡ್ಕ, ಮಂಜೇಶ್ವರಗಳಲ್ಲಿ ಮನೆಗೊಬ್ಬರಾದರೂ ಸಿಕ್ಕಾರು. ಎರಡರಲ್ಲೂ ನಾಯಕಿ ತಾನು ಹಿಂದಿನ ಕಾಲದ ನರ್ತಕಿ ನಾಗವಲ್ಲಿ ಎಂಬಂತೆ ನಡೆದುಕೊಳ್ಳುತ್ತಾಳೆ. ಶೋಭನಾ ಮಾಡಿದ ನಾಗವಲ್ಲಿ ತಮಿಳು ಆಡುತ್ತಾಳೆ, ಸೌಂದರ್ಯಾ ಮಾಡಿದ ನಾಗವಲ್ಲಿ ತೆಲುಗು. ಪ್ರೇಕ್ಷಕರ ಮೈ ಜುಮ್ಮೆನ್ನುವುದೇ ಅಲ್ಲಿ. ಕಲಿಯದ ಭಾಷೆ ನಾಲಗೆಗೆ ಬಂದೀತೇ? ಬರುವುದಿಲ್ಲ. ಕಿವಿಗೆ ಬಿದ್ದು, ಗಮನಕ್ಕೆ ಬಾರದೆ ಉಳಿದದ್ದು ಮಾತ್ರ ಬರಬಹುದು. ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಒಂದೇ ಬೀದಿಯಲ್ಲಿ ಓಡಾಡುವ ನಮ್ಮ ಜಿಲ್ಲೆಯಲ್ಲಿ ಹೀಗೆ ಉಳಿಯುವುದು ಬೇಕಾದಷ್ಟಿದೆ. ಆದ್ದರಿಂದ ರೋಗಿ ಬೇರೆ ಭಾಷೆ ಆಡಿದಳೆಂದು ಮನೆಯವರು ಹೇಳಿದಾಗ ವೈದ್ಯರು ಕೇಳಬೇಕಾದ್ದು: ಸಣ್ಣವಳಿದ್ದಾಗ ಅವಳನ್ನು ಎತ್ತಿ ಆಡಿಸಿದವರು ಯಾರು, ನೆರೆಮನೆಯ ಮಾತು ಯಾವುದು, ಆಡಿದ್ದು ಪೂರ್ತಿ ವಾಕ್ಯವೋ ಬರೀ ನಾಲ್ಕು ಪದವೋ.

ಪ್ರಯೋಗಗಳೂ ಇದನ್ನೇ ಸೂಚಿಸಿವೆ. ನೆದರ್ಲೆಂಡ್ಸ್‌ನ ರಾಫೇಲ್ ಹುಂಟ್ಯೆನ್ಸ್ ಮತ್ತು ಸಹೋದ್ಯೋಗಿಗಳು ರೋಗಿ ಒಂದು ವ್ಯಕ್ತಿತ್ವದಲ್ಲಿದ್ದಾಗ ಪದಪಟ್ಟಿ ಕಲಿಸಿ, ಇನ್ನೊಂದು ವ್ಯಕ್ತಿತ್ವದಲ್ಲಿದ್ದಾಗ ಪರೀಕ್ಷಿಸಿದರು. ಎರಡನೆಯ ವ್ಯಕ್ತಿತ್ವ ಆ ಪಟ್ಟಿಯೇ ಗೊತ್ತಿಲ್ಲ ಎಂದಿತು. ಆದರೆ ಉತ್ತರಗಳಲ್ಲಿ ಮೊದಲು ಕಲಿತದ್ದರ ಗುರುತು ಉಳಿದಿತ್ತು. ಅಂದರೆ ನೆನಪು ಅಳಿಸಿಹೋಗಿಲ್ಲ, ಅದು ತನ್ನದು ಎಂಬ ಭಾವ ಕಡಿದುಹೋಗಿದೆ. ಹಾಗೆಂದು ಇದು ಬರೀ ನಾಟಕ ಎನ್ನುವಂತೆಯೂ ಇಲ್ಲ. ಸಿಮೋನ್ ರೈಂಡರ್ಸ್ ತಂಡದ 2012ರ ಮಿದುಳು ಚಿತ್ರಣ ಅಧ್ಯಯನದಲ್ಲಿ, ಬೇರೆ ಬೇರೆ ವ್ಯಕ್ತಿತ್ವವನ್ನು ನಟಿಸಲು ಹೇಳಿಸಿಕೊಂಡ ಆರೋಗ್ಯವಂತರಲ್ಲಿ ರೋಗಿಗಳಲ್ಲಿ ಕಂಡ ಬದಲಾವಣೆ ಮೂಡಲಿಲ್ಲ.

ಈವ್‌ಳ ಮೇಲೆ ನಡೆದ ಪರೀಕ್ಷೆಗಳೇ ಸಿನಿಮಾಕ್ಕಿಂತ ಸ್ವಾರಸ್ಯ; ಅವಳದು ನಿಜವಾದ ರೋಗಿಯೊಬ್ಬಳ ಕಥೆ. ಚಿಕಿತ್ಸೆ ಮಾಡಿದ ಥಿಗ್‌ಪೆನ್ ಮತ್ತು ಕ್ಲೆಕ್ಲಿ 1954ರಲ್ಲಿ ಪ್ರಕರಣವನ್ನು ಪ್ರಕಟಿಸಿದರು. ಅದೇ ವರ್ಷ ಮನಶ್ಶಾಸ್ತ್ರಜ್ಞರಾದ ಚಾರ್ಲ್ಸ್ ಆಸ್‌ಗುಡ್ ಮತ್ತು ಜೆಲ್ಲಾ ಲೂರಿಯಾ ರೋಗಿಯನ್ನು ಕಣ್ಣಿಂದ ನೋಡದೆಯೇ ಬರೀ ಉತ್ತರ ಪತ್ರಿಕೆಯಿಂದ ಮೂವರನ್ನೂ (ಇಬ್ಬರು ಈವ್‌ಗಳು, ಆಮೇಲೆ ಕಾಣಿಸಿಕೊಂಡ ಜೇನ್) ಬಿಡಿಸಿಟ್ಟರು. ಪ್ರೀತಿ, ಮಗು, ಅಮ್ಮ, ಗಂಡ, ದ್ವೇಷ, ಮೋಸ, ನಾನು ಮೊದಲಾದ 15 ಪದಗಳು. ಪ್ರತಿಯೊಂದನ್ನೂ ಬಿಸಿ–ತಣ್ಣಗೆ, ಬಲ–ದುರ್ಬಲ, ಶುಚಿ–ಕೊಳಕು ಎಂಬಂಥ 10 ಜೋಡಿಗಳಲ್ಲಿ, ಏಳು ಮನೆಗಳ ಪಟ್ಟಿಯ ಮೇಲೆ ಗುರುತಿಸಬೇಕು. ಈವ್ ಬ್ಲ್ಯಾಕ್ ತನ್ನನ್ನು ಬಲು ಒಳ್ಳೆಯವಳೆಂದು ಗುರುತಿಸಿದಳು, ಜತೆಗೆ ದ್ವೇಷ ಮತ್ತು ಮೋಸವನ್ನೂ ಒಳ್ಳೆಯ ಕಡೆಗೇ ಹಾಕಿದಳು. ಇಷ್ಟು ಅಗ್ಗದ, ಇಷ್ಟು ಚುರುಕಾದ ಪರೀಕ್ಷೆ ಮನಶ್ಶಾಸ್ತ್ರದಲ್ಲಿ ಅಪರೂಪ.

ಸಿನಿಮಾ ಎಡವುವುದು ಕೊನೆಯಲ್ಲಿ. ಬಾಲ್ಯದಲ್ಲಿ ಸತ್ತ ಅಜ್ಜಿಯ ಮುಖಕ್ಕೆ ಬಲವಂತವಾಗಿ ಮುತ್ತು ಕೊಡಿಸಿದ ಒಂದೇ ನೆನಪು ಮೇಲೆ ಬರುತ್ತದೆ, ಇಬ್ಬರು ಈವ್‌ಗಳೂ ಮಾಯ, ಮೂರನೆಯವಳಾದ ಜೇನ್ ಗುಣಮುಖಳು. ಈ ಕಥೆಯ ಮೂಲ ವ್ಯಕ್ತಿ ಕ್ರಿಸ್ ಕಾಸ್ಟ್ನರ್ ಸೈಜ್‌ಮೋರ್ ತಾನೇ ಈವ್ ಎಂದು 1977ರಲ್ಲಿ ಪುಸ್ತಕ ಬರೆದರು. ವ್ಯಕ್ತಿತ್ವಗಳು ಮೂರಲ್ಲ, ಇಪ್ಪತ್ತಕ್ಕೂ ಹೆಚ್ಚು. ಚಿಕಿತ್ಸೆ ಸಿನಿಮಾ ಬಂದ ಮೇಲೂ ವರ್ಷಗಟ್ಟಲೆ, ಬೇರೆ ವೈದ್ಯರ ಬಳಿ ನಡೆಯಿತು. ನಮ್ಮ ನಾಗವಲ್ಲಿಗೂ ಒಂದೇ ರಾತ್ರಿಯ ಸೇಡಿನ ನಾಟಕದಿಂದ ವಾಸಿಯಾಗುತ್ತದೆ. ಆಸ್ಪತ್ರೆಯಲ್ಲಿ ಯಾರಾದರೂ ಹೀಗೆ ಮಾಡಹೊರಟರೆ ರೋಗಿಯ ಭಯ ಇನ್ನಷ್ಟು ಗಟ್ಟಿಯಾಗುವ ಅಪಾಯವೇ ಹೆಚ್ಚು.

ಇನ್ನೊಂದು ದೋಷ ಸೂಕ್ಷ್ಮವಾದದ್ದು. ಸಿನಿಮಾದ ಡಾಕ್ಟರು ಹೆಸರು ಹಿಡಿದು ಕರೆದರೆ ಸಾಕು, ತಲೆ ಬಾಗಿ ಎದ್ದಾಗ ಇನ್ನೊಬ್ಬಳು ಹಾಜರು. ಸಂಮೋಹನದಲ್ಲಿ ಹೀಗೆ ಕೆದಕಿ ಕರೆದರೆ, ಬೇಗ ಪ್ರಭಾವಕ್ಕೆ ಒಳಗಾಗುವ ರೋಗಿಯಲ್ಲಿ ಇಲ್ಲದ ನೆನಪುಗಳೂ ಹೊಸ ಹೆಸರುಗಳೂ ಹುಟ್ಟಿಕೊಳ್ಳಬಹುದು. 1976ರ ‘ಸಿಬಿಲ್’ ಟಿವಿ ಚಿತ್ರದ ನಂತರ (ಅದರಲ್ಲಿ ವುಡ್‌ವರ್ಡ್ ವೈದ್ಯೆಯ ಪಾತ್ರ ಮಾಡಿದರು) ಅಮೆರಿಕದಲ್ಲಿ ಇಂಥ ರೋಗಿಗಳ ಸಂಖ್ಯೆ ಬೆರಳೆಣಿಕೆಯಿಂದ ಸಾವಿರಗಳಿಗೆ ಏರಿದ್ದರಲ್ಲಿ ಈ ತಪ್ಪಿನ ಪಾಲೂ ಇದೆ.

ಹಾಗಾದರೆ ದೈವಾರಾಧನೆಯ ಕೋಲ, ತೆಯ್ಯಂಗಳಲ್ಲಿ ಮೈಮೇಲೆ ಬರುವುದು ಏನು? ಅಮೆರಿಕದ ಮನೋವೈದ್ಯರ ಸಂಘದ 2013ರ ರೋಗಪಟ್ಟಿ ಆವೇಶದ ಅನುಭವವನ್ನು ಬಹುವ್ಯಕ್ತಿತ್ವದ ಲಕ್ಷಣಗಳಲ್ಲಿ ಸೇರಿಸಿತು. ಆದರೆ ಸಮಾಜ ಒಪ್ಪಿದ ಆಚರಣೆಯ ಭಾಗವಾಗಿದ್ದರೆ ಅದು ರೋಗವಲ್ಲ ಎಂದೂ ಅದೇ ಪಟ್ಟಿ ಬರೆಯಿತು. ಕೋಲಕ್ಕೆ ದಿನ ಗೊತ್ತಾಗಿದೆ, ಗೊನೆ ಮುಹೂರ್ತ (ಬಾಳೆಗೊನೆ ಕಡಿಯುವ ಶಾಸ್ತ್ರ) ಆಗಿದೆ, ಕೋಲ ಕಟ್ಟಲು ಎಣ್ಣೆ ಬೂಳ್ಯ (ಎಣ್ಣೆ, ವೀಳ್ಯ) ಪಡೆದವರು ತರಬೇತಾದವರು, ಕಾಲಿಗೆ ಗಗ್ಗರ ಕಟ್ಟಿದ ಮೇಲೆ ಆವೇಶ, ನುಡಿ ಮುಗಿದ ಮೇಲೆ ಇಳಿತ, ಮರುದಿನ ಎಂದಿನ ಕೆಲಸ. ಕರೆಯದೆ ಬಂದು, ಹೊತ್ತಿಲ್ಲದೆ ಬಂದು, ಅಡುಗೆ, ಶಾಲೆ, ನೌಕರಿ ಕೆಡಿಸಿ, ಬಂದವರಿಗೂ ಸಂಕಟ ಕೊಡುವುದು ಬೇರೆ. ಜೋಯಿಸರಲ್ಲಿ ಪ್ರಶ್ನೆ ಇಡಿಸುವವರು ಇಡಿಸಲಿ, ಆದರೆ ಹೊಡೆಯುವುದು, ಮೆಣಸಿನ ಹೊಗೆ ಹಾಕುವುದು ಕೂಡದು. ಈ ಕಾಯಿಲೆಯ ಬೇರು ಬಹಳ ಸಲ ಬಾಲ್ಯದ ಹಿಂಸೆಯಲ್ಲೇ ಇರುತ್ತದೆ.

ಪರೀಕ್ಷೆ ಆರಂಭವಾಗುವುದು ಬೇರೆ ಕಾರಣಗಳನ್ನು ತಳ್ಳಿಹಾಕುವುದರಿಂದ. ಮಿದುಳಿನ ಟೆಂಪೊರಲ್ ಭಾಗದ ಅಪಸ್ಮಾರ, ಮದ್ಯ, ನಿದ್ರೆಮಾತ್ರೆ ಇವೂ ಹೊತ್ತನ್ನು ನುಂಗುತ್ತವೆ. ಅಪಸ್ಮಾರವಿದೆಯೇ ನೋಡಲು ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ). ಆಮೇಲೆ 28 ಪ್ರಶ್ನೆಗಳ ಒಂದು ಪಟ್ಟಿ, ಪ್ರತಿಯೊಂದಕ್ಕೂ 0ಯಿಂದ 100. ಸರಾಸರಿ 30 ದಾಟಿದರೆ ವಿವರವಾದ ಸಂದರ್ಶನ ಬೇಕು, ಅಂಕವೇ ರೋಗನಿರ್ಣಯವಲ್ಲ. ಜನ ಇದರೊಂದಿಗೆ ಬೆರೆಸುವ ಸ್ಕಿಜೋಫ್ರೇನಿಯಾ ಬೇರೆಯೇ ಕಾಯಿಲೆ. ಬಹುವ್ಯಕ್ತಿತ್ವಕ್ಕೆಂದೇ ಮಾತ್ರೆ ಇಲ್ಲ, ಜತೆಗಿರುವ ಖಿನ್ನತೆಗೆ, ಆತಂಕಕ್ಕೆ ಇದೆ. ಚಿಕಿತ್ಸೆ ಮೊದಲು ಸುರಕ್ಷತೆ ಮತ್ತು ನಿದ್ರೆಯನ್ನು ಹದಕ್ಕೆ ತರುತ್ತದೆ, ಹಳೆಯ ಗಾಯಕ್ಕೆ ಕೈ ಹಾಕುವುದು ಆಮೇಲೆ, ವ್ಯಕ್ತಿತ್ವಗಳನ್ನು ಕೂಡಿಸುವುದು ಕೊನೆಗೆ. ಈ ಕ್ರಮ ತಪ್ಪಿ ನೇರ ಗಾಯಕ್ಕೆ ಹೋದರೆ ಆತ್ಮಹತ್ಯೆಯ ಯತ್ನಗಳು ಹೆಚ್ಚುವ ಅಪಾಯವಿದೆ. ಹೊರರೋಗಿಗಳಲ್ಲೇ 70 ಶೇಕಡಕ್ಕಿಂತ ಹೆಚ್ಚು ಮಂದಿ ಒಮ್ಮೆಯಾದರೂ ಅಂಥ ಯತ್ನ ಮಾಡಿದವರು.

ವೈದ್ಯರ ಬಳಿ ಹೋಗುವ ಮುಂಚೆ ಮನೆಯವರು ಒಂದು ನೋಟ್‌ಬುಕ್ ಇಡುವುದು ಒಳ್ಳೆಯದು: ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಹೊತ್ತು ಇತ್ತು, ಮೊದಲು ತಲೆನೋವು ಇತ್ತೇ, ಕೈಕಾಲು ಸೆಳೆಯಿತೇ, ನಂತರ ಏನು ನೆನಪಿತ್ತು. ಫೋನಿನಲ್ಲಿ ವಿಡಿಯೊ ಮಾಡಿದರೆ ಅದು ವೈದ್ಯರಿಗೆ ಮಾತ್ರ, ವಾಟ್ಸಾಪ್ ಗುಂಪಿಗಲ್ಲ. ತಡರಾತ್ರಿ ಯಾರನ್ನು ಕೇಳುವುದೆಂದು ತಿಳಿಯದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು.